ಹೊಂಡಕ್ಕೆ ಮೂರು ತಟ್ಟು

ನಿನ್ನೆ ಬೆಳಿಗ್ಗೆ ಮುಚ್ಚಿದ ಹೊಂಡ ಇವತ್ತು ಮಧ್ಯಾಹ್ನ ಮತ್ತೆ ಬಾಯಿ ಕಳೆದಿದೆ. ಶಿರಸಿ–ಕುಮಟಾ ರಸ್ತೆಯಲ್ಲಿ ಓಡಾಡುವವರಿಗೆ ಇದೇನೂ ಸುದ್ದಿಯಲ್ಲ. ಸೊಂಟಕ್ಕೆ ಮಾತ್ರ ಪ್ರತಿ ಸಲವೂ ಹೊಸತು.

ರಸ್ತೆಯ ಖಾನದಾನಿಗೇನೂ ಕಮ್ಮಿಯಿಲ್ಲ. 1861ರಿಂದ 65ರವರೆಗೆ ಅಮೆರಿಕದವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯಿಲ್ಲದಂತಾದಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅಂಡಿಗೆಗಳು ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿದ್ದವು. ಬೆಳೆದದ್ದು ಬಯಲುಸೀಮೆಯಲ್ಲಿ, ಪೇಟೆಯಲ್ಲಿ ಹೆಸರು ‘ಕುಮಟಾ ಹತ್ತಿ’! 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಅಂಟಿಸಿದ್ದರ ಹಿಂದೆಯೂ ಹತ್ತಿಯದೇ ಲೆಕ್ಕಾಚಾರ. ಆಮೇಲೆ ಈ ರಸ್ತೆ ರಾಜ್ಯ ಹೆದ್ದಾರಿ 69 ಆಯಿತು, ಈಗ ರಾಷ್ಟ್ರೀಯ ಹೆದ್ದಾರಿ 766ಇ. ಬಡ್ತಿ ಸಿಕ್ಕರೆ ಕಿಲೋಮೀಟರ್ ಕಲ್ಲಿನ ಹಸಿರು ತಲೆ ಹಳದಿಯಾಗಬೇಕು; ಅದು ಒಂದು ಡಬ್ಬಿ ಬಣ್ಣದ ಕೆಲಸ. ಡಾಂಬರಿನ ಅಗಲ 7 ಮೀಟರಿಗೆ ಬರಬೇಕು. ಅದು ಗುಡ್ಡ ಕಡಿಯುವ ಕೆಲಸ.

ಗುಡ್ಡವಾದರೂ ಎಂಥದ್ದು? ಮೇಲೆ ಚಿರೇಕಲ್ಲು, ಅಡಿಗೆ ಶೇಡಿಮಣ್ಣು. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗದ್ದು ಮಳೆ ಕುಡಿದರೆ ಬೆಣ್ಣೆ. ಬುಡ ಕಡಿದು ಗೋಡೆಯ ಹಾಗೆ ನೆಟ್ಟಗೆ ಬಿಟ್ಟರೆ ಜುಲೈನಲ್ಲಿ ಮರ ಸಮೇತ ರಸ್ತೆಗೆ ಬಂದು ಮಲಗುತ್ತದೆ. ಆಮೇಲೆ ಯಲ್ಲಾಪುರ, ಅರಬೈಲ್, ಅಂಕೋಲಾ ಅಂತ ಪ್ರದಕ್ಷಿಣೆ. 60 ಕಿ.ಮೀ. ದಾರಿ ನೂರು ದಾಟುತ್ತದೆ.

ಇರಲಿ, ಹೊಂಡಕ್ಕೆ ಬರೋಣ. ಅದನ್ನು ಮುಚ್ಚುವುದಕ್ಕೂ ಶಾಸ್ತ್ರವಿದೆ. ಸಡಿಲಾದ ಡಾಂಬರನ್ನು ಗಟ್ಟಿ ಸಿಗುವವರೆಗೆ ಚೌಕವಾಗಿ, ಅಂಚು ನೆಟ್ಟಗೆ ಬರುವಂತೆ ಕಡಿಯಬೇಕು. ಅಂಚು ತೆಳ್ಳಗೆ ಉಳಿದರೆ ಅಲ್ಲಿಂದಲೇ ಏಳುತ್ತದೆ. ನಿಂತ ನೀರು ತೆಗೆದು, ಧೂಳು ಗುಡಿಸಿ, ತಳಕ್ಕೂ ಬದಿಗೂ ಬಿಸಿ ಡಾಂಬರು ಸವರಬೇಕು. ಡಾಂಬರು ಕಲಸಿದ ಜಲ್ಲಿಯನ್ನು ಪದರ ಪದರವಾಗಿ ಹಾಕಿ ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ಕೊನೆಗೆ ಕೂದಲೆಳೆ ಎತ್ತರ ಬಿಟ್ಟರೆ ಲಾರಿಗಳೇ ಸಮ ಮಾಡಿಕೊಡುತ್ತವೆ.

ನಮ್ಮಲ್ಲಿ ನಡೆಯುವ ಶಾಸ್ತ್ರ ಬೇರೆ. ಟಿಪ್ಪರ್ ಬರುತ್ತದೆ. ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಒಬ್ಬ ಹೊಂಡದ ನೀರಿಗೇ ಒಂದು ಬುಟ್ಟಿ ಬರೀ ಜಲ್ಲಿ ಸುರಿಯುತ್ತಾನೆ. ಇನ್ನೊಬ್ಬ ಸಲಿಕೆಯ ಬೆನ್ನಿನಿಂದ ತಟ್ಟುತ್ತಾನೆ: ಟಪ್, ಟಪ್, ಟಪ್. ಮೂರೇ. ಹೊಂಡ ಅಂಗೈಯಗಲವಿರಲಿ, ಎಮ್ಮೆ ಮಲಗುವಷ್ಟಿರಲಿ, ಮೂರೇ. ಎರಡಕ್ಕೆ ನಿಲ್ಲಿಸಿದ್ದನ್ನು ಕಂಡವರಿಲ್ಲ, ನಾಲ್ಕನೆಯದನ್ನು ಕೇಳಿದವರಿಲ್ಲ. ಮೂರನೆಯದಾದ ಮೇಲೆ ಸಲಿಕೆ ಊರಿಕೊಂಡು, ತೊಟ್ಟಿಲ ಮಗುವನ್ನು ತಟ್ಟಿ ಮಲಗಿಸಿದ ಅಜ್ಜಿಯ ಹಾಗೆ ಒಂದು ಗಳಿಗೆ ನೋಡುತ್ತಾನೆ. ಎದ್ದೀತೇ? ಏಳಲಿಲ್ಲ. ಓಡಿ ಟಿಪ್ಪರ್ ಹತ್ತುತ್ತಾನೆ. ಅಷ್ಟರಲ್ಲಿ ಕುಮಟಾ ಬಸ್ಸಿನ ಹಿಂದಿನ ಚಕ್ರ ಬಂದು ಮಗುವನ್ನು ಎಬ್ಬಿಸುತ್ತದೆ. ಜಲ್ಲಿ ಹಾರಿ ಬೈಕಿನವನ ಮೊಣಕಾಲಿಗೆ. ಸಲಿಕೆಯವನನ್ನು ಬೈದೇನು ಬಂತು? ಅವನಿಗೆ ಕೊಟ್ಟದ್ದು ಜಲ್ಲಿ ಮತ್ತು ಸಲಿಕೆ. ಡಾಂಬರು ಎಲ್ಲಿ ಅಂತ ಕೇಳಬೇಕಾದ್ದು ಬೇರೆಯವರನ್ನು.

ಡಾಂಬರಿಗೆ ಲಾರಿಗಿಂತ ನೀರೇ ದೊಡ್ಡ ಶತ್ರು. ಅದಕ್ಕೇ ರಸ್ತೆಯ ನಡು ಉಬ್ಬಿಸಿ, ಎರಡೂ ಬದಿಗೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡುತ್ತಾರೆ. ಇಳಿದ ನೀರು ಹೋಗಬೇಕಾದ ಗಟಾರದಲ್ಲಿ ದರಕು, ಅಂದರೆ ಉದುರಿದ ಒಣಎಲೆ, ಕಟ್ಟಿಕೊಂಡಿದ್ದರೆ? ವಾಪಸ್ ರಸ್ತೆಗೇ. ಮೇ ಮುಗಿಯುವುದರೊಳಗೆ ಗಟಾರ ಕೆರೆದು ಮೋರಿಯ ಬಾಯಿ ಬಿಡಿಸಿದರೆ ಎಷ್ಟೋ ಹೊಂಡ ಹುಟ್ಟುವುದೇ ಇಲ್ಲ. ಕೊಟ್ಟಿಗೆಗೆ ಹಾಸಲು ಬೆಟ್ಟವೆಲ್ಲ ಗುಡಿಸಿ ದರಕು ಹೊರುವ ಊರು ನಮ್ಮದು. ಗಟಾರದ ದರಕು ಮಾತ್ರ ಯಾರಿಗೂ ಬೇಡ.

ಬಂಡಲ, ರಾಗಿಹೊಸಳ್ಳಿ ದಾಟಿದರೆ ಮೊದಲೆಲ್ಲ ಮಧ್ಯಾಹ್ನವೂ ಮಬ್ಬುಗತ್ತಲೆ. ಎರಡೂ ಬದಿಯ ಮರಗಳು ಮೇಲೆ ಕೈ ಕೂಡಿಸಿರುತ್ತಿದ್ದವು, ಬಸ್ಸಿನೊಳಗೆ ತಣ್ಣಗೆ ಹಸಿಮಣ್ಣಿನ ವಾಸನೆ. ಅಗಲ ಮಾಡುವಾಗ ಅವು ಹೋದವು. ಈಗ ಆಕಾಶ ಚೆನ್ನಾಗಿ ಕಾಣುತ್ತದೆ.

ದೇವಿಮನೆ ಘಟ್ಟ ಬರುವಷ್ಟರಲ್ಲಿ ಲಿಂಬೆಹಣ್ಣು, ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕೈಯಲ್ಲಿ ಹಿಡಿದು ಕೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ತಿರುವುಗಳನ್ನು ನೇರ ಮಾಡುತ್ತಿದ್ದಾರೆ, ಇನ್ನು ವಾಂತಿ ಕಮ್ಮಿ ಅಂತ ಕಂಡಕ್ಟರ್ ಹೇಳುತ್ತಿದ್ದ. ಹೇಳಿ ಮುಗಿಸುವುದರೊಳಗೆ ಹೊಂಡ ಬಂತು. ಹಿಂದಿನ ಸೀಟಿನಿಂದ ಯಾರೋ ಕೊಟ್ಟೆ ಕೇಳಿದರು.