ತುಕ್ಕು ಬಂದ ಮಾತ್ರಕ್ಕೆ ಕಾಫಿ ಸಸಿ ನಕಲಿ ಅಲ್ಲ

ಕಾಫಿ ಬೆಳೆಗಾರರ ನಡುವೆ ಒಂದು ಮಾತು ಓಡಾಡುತ್ತಿದೆ: "ಎಲೆ ತುಕ್ಕಿನ ಶಿಲೀಂಧ್ರ ಎಲ್ಲಾ ಕಡೆ ಒಂದೇ. ನಿರೋಧಕ ತಳಿಗೂ ತುಕ್ಕು ಬಂತು ಅಂದ್ರೆ ನಿಮಗೆ ನಕಲಿ ಸಸಿ ಕೊಟ್ಟಿದ್ದಾರೆ."

ಇದು ತಪ್ಪು. ನೋಡಲು ಎಲ್ಲವೂ ಎಲೆಯ ಮೇಲಿನ ಅದೇ ಕಿತ್ತಳೆ ಪುಡಿ, ನಿಜ. ಆದರೆ ಈ ಶಿಲೀಂಧ್ರದಲ್ಲಿ 50ಕ್ಕೂ ಹೆಚ್ಚು ರೇಸ್‌ಗಳನ್ನು, ಅಂದರೆ ಒಳಬಗೆಗಳನ್ನು, ಗುರುತಿಸಿದ್ದಾರೆ. ಯಾವ ತಳಿಗೆ ತಗುಲಬಲ್ಲದು ಎಂಬುದರಲ್ಲಿ ಒಂದೊಂದೂ ಬೇರೆ. ಇದನ್ನು ಮೊದಲು ತೋರಿಸಿದ್ದೇ ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ, 1930ರ ದಶಕದಲ್ಲಿ, ವಿಜ್ಞಾನಿ ಮೇಯ್ನ್. ತುಕ್ಕು ತಡೆಯುತ್ತದೆಂದು ಜನ ನಂಬಿ ನೆಟ್ಟಿದ್ದ ಕೆಂಟ್ಸ್ ತಳಿ ಆ ಹೊತ್ತಿಗೆ ಸೋಲತೊಡಗಿತ್ತು. ಆಮೇಲೆ ಬಂದ ಎಸ್.795 ತಳಿ ಕೂಡ ಕೆಲವು ವರ್ಷ ತಡೆದು, ಹೊಸ ರೇಸ್‌ಗಳಿಗೆ ಮಣಿಯಿತು. ಸಸಿ ಅಸಲಿಯೇ. ಬದಲಾದದ್ದು ಶಿಲೀಂಧ್ರ.

ಒಂದೊಂದು ತುಕ್ಕು ಹಿಡಿದ ಎಲೆಯಲ್ಲೂ ಲೆಕ್ಕವಿಲ್ಲದಷ್ಟು ಬೀಜಕಣ. ಎಲ್ಲೋ ಒಂದರ ವಂಶವಾಹಿಯಲ್ಲಿ ಸಣ್ಣ ಬದಲಾವಣೆ ಆದರೂ ಸಾಕು, ನಿರೋಧಕ ತಳಿಗೂ ಅದು ತಗುಲಬಹುದು. ಸುತ್ತಲೂ ಒಂದೇ ತಳಿ ಇದ್ದರೆ ಅದಕ್ಕೆ ಹಬ್ಬ ಅಲ್ವಾ!

ನಕಲಿ ಸಸಿ ಮಾರುವವರೇ ಇಲ್ಲ ಅಂತಲ್ಲ. ಆದರೆ ತುಕ್ಕೊಂದೇ ಅದಕ್ಕೆ ಸಾಕ್ಷಿ ಆಗುವುದಿಲ್ಲ. ನಿರೋಧಕ ತಳಿ ಹಾಕಿದ್ದೇವೆಂದು ಮಳೆಗಾಲದ ಮುಂಚಿನ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಸಿಂಪಡಣೆಯನ್ನು ಸುಮ್ನೆ ಬಿಟ್ಟುಬಿಡಬೇಡಿ.