ಆರು ಪುಸ್ತಕ, ಹಾಲಿನ ಲೆಕ್ಕದ ಬುಕ್ಕಿನ ಕೊನೇ ಪುಟ

ಪುಸ್ತಕಗಳಿಗೆ ಸ್ಟಾರ್ ಕೊಡೋದನ್ನ ನಾನು ನಿಲ್ಸಿದೀನಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಬೇಜಾರಾದ್ರೆ ಸ್ಕ್ರೋಲ್ ಮಾಡ್ಕೊಂಡು ಹೋಗಿ.

ನಂಗೆ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಹುಚ್ಚು ಇರೋದು ಇಲ್ಲಿ ಹಳಬರಿಗೆ ಗೊತ್ತು. ಪ್ರತಿ ವರ್ಷ ಹ್ಯೂಗೋ ಅವಾರ್ಡಿನ ಲಿಸ್ಟ್ ಬಂದ ಕೂಡ್ಲೆ ಕಾದಂಬರಿ ವಿಭಾಗದ್ದು ಒಂದೆರಡು ಓದಿ ಇಲ್ಲಿ ಬರೀತಿದ್ದೆ. ಆ ಹಳೇ ಪೋಸ್ಟ್ ತೆಗ್ದು ನೋಡಿದ್ರೆ ನಾಚಿಕೆ ಆಗತ್ತೆ ಮಾರಾಯ್ರೇ, ಎಲ್ಲದಕ್ಕೂ ನಾಲ್ಕು ಸ್ಟಾರು, ಎಲ್ಲದೂ "ಅದ್ಭುತ ಲೋಕ ಕಟ್ಟಿದಾರೆ", "ಮಿಸ್ ಮಾಡ್ಲೇಬೇಡಿ". ಒಂದ್ಸಲ ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ನಾಲ್ಕು ಕೊಟ್ಟಿದೀನಿ. ನಾಮಿನೇಟ್ ಆಗಿದೆ ಅಂದ್ಮೇಲೆ ಚೆನ್ನಾಗೇ ಇರ್ಬೇಕು, ಹಿಡಿಸ್ಲಿಲ್ಲ ಅಂದ್ರೆ ನನ್ ತಲೆಗೇ ಹತ್ತಿಲ್ಲ ಅಂತ ಒಂದು ಅಳುಕು, ಅಷ್ಟೇ.

2024ರಲ್ಲಿ ಹಠಕ್ಕೆ ಬಿದ್ದು ಆ ವರ್ಷದ ಲಿಸ್ಟಿನಲ್ಲಿದ್ದ ಆರೂ ಕಾದಂಬರಿ ಓದಿದೆ. ಓದಿದ್ಮೇಲೆ ಹ್ಯೂಗೋ ಓಟು ಹಾಕೋರ ಥರಾನೇ ರ‍್ಯಾಂಕ್ ಮಾಡೋಣ ಅಂತ ಕೂತೆ. ಗೊತ್ತಿಲ್ದೇ ಇರೋರಿಗೆ: 1953ರಲ್ಲಿ ಶುರುವಾದ ಈ ಅವಾರ್ಡಿಗೆ ತೀರ್ಪುಗಾರರ ಸಮಿತಿ ಅಂತ ಇಲ್ಲ, ವರ್ಲ್ಡ್‌ಕಾನ್ ಅನ್ನೋ ಸಮ್ಮೇಳನದ ಮೆಂಬರ್‌ಗಳೇ ಓಟು ಹಾಕೋದು (ನೆಬ್ಯುಲಾ ಅನ್ನೋ ಇನ್ನೊಂದು ಅವಾರ್ಡ್ ಬೇರೆ, ಅದಕ್ಕೆ ಓಟು ಹಾಕೋದು ಲೇಖಕರ ಸಂಘ). ಓಟು ಅಂದ್ರೆ ಒಂದಕ್ಕೆ ಟಿಕ್ ಹಾಕಿ ಎದ್ದು ಬರೋದಲ್ಲ, ಒಂದರಿಂದ ಕ್ರಮವಾಗಿ ನಂಬರ್ ಕೊಡ್ಬೇಕು, ಎಣಿಕೇಲಿ ಕೊನೇಲಿರೋ ಪುಸ್ತಕನ ತೆಗೀತಾ ಅದರ ಓಟನ್ನ ಮುಂದಿನ ನಂಬರಿನ ಪುಸ್ತಕಕ್ಕೆ ದಾಟಿಸ್ತಾ ಹೋಗ್ತಾರೆ, ಹಂಗಾಗಿ ನೀವು ಮೂರನೇದು ನಾಲ್ಕನೇದು ಅಂತ ಬರ್ದಿದ್ದಕ್ಕೂ ಬೆಲೆ ಇದೆ. ಇದರ ಜೊತೆ "ನೋ ಅವಾರ್ಡ್" ಅಂತ ಇನ್ನೊಂದು ಸಾಲು. ಇವ್ಯಾವ್ದಕ್ಕೂ ಬೇಡ ಅನ್ನೋಕೆ. 2015ರಲ್ಲಿ ಕೆಲವರು ಗುಂಪು ಕಟ್ಕೊಂಡು ಲಿಸ್ಟ್ ತುಂಬಿಸಿದ್ರು ಅಂತ ಜನ ಸಿಟ್ಟಾಗಿ ಐದು ವಿಭಾಗದಲ್ಲಿ ನೋ ಅವಾರ್ಡ್‌ನೇ ಗೆಲ್ಸಿದ್ರು.

ನಾನು ಮೆಂಬರ್ ಅಲ್ಲ, ದುಡ್ಡು ಕೊಟ್ಟಿಲ್ಲ. ಹಾಲಿನ ಲೆಕ್ಕ ಬರೆಯೋ ಬುಕ್ಕಿನ ಕೊನೇ ಪುಟದಲ್ಲಿ ಒಂದರಿಂದ ಏಳು ನಂಬರ್ ಹಾಕ್ಕೊಂಡು ಕೂತೆ, ಅಷ್ಟೇ ನೋಡಿ, ಒಂದು ಗಂಟೆ ಆದ್ರೂ ಪೆನ್ಸಿಲ್ ಎತ್ತೋಕೆ ಆಗ್ಲಿಲ್ಲ. ಆರಕ್ಕೂ ನಾಲ್ಕು ಸ್ಟಾರ್ ಕೊಡೋದು ಎಷ್ಟು ಸಲೀಸು, ಆದ್ರೆ ಒಂದನ್ನ ಇನ್ನೊಂದರ ಕೆಳಗೆ ಬರಿ ಅಂದಾಗ ಯಾಕೆ ಅಂತ ನಮಗೆ ನಾವೇ ಜವಾಬು ಕೊಡ್ಬೇಕಾಗತ್ತೆ.

ಜಾನ್ ಸ್ಕಾಲ್ಝಿ ಅವ್ರ 'ಸ್ಟಾರ್ಟರ್ ವಿಲನ್' ತಗೊಳ್ಳಿ. ಟೈಪ್ ಮಾಡೋ ಬೆಕ್ಕುಗಳು, ಕೆಲಸ ಸರಿಯಿಲ್ಲ ಅಂತ ತಿರುಗಿ ಬೀಳೋ ಡಾಲ್ಫಿನ್‌ಗಳು. ಮೆಟ್ರೋದಲ್ಲಿ ಓದ್ತಾ ಜೋರಾಗಿ ನಕ್ಕು ಪಕ್ಕದ ಆಂಟಿ ತಿರುಗಿ ನೋಡಿದ್ರು. ವಾರ ಆದ್ಮೇಲೆ ತಲೇಲಿ ಬೆಕ್ಕು ಬಿಟ್ರೆ ಏನೂ ಉಳ್ದಿರ್ಲಿಲ್ಲ. ಸರಿ ಅಂತ ನೋ ಅವಾರ್ಡಿನ ಕೆಳಗೆ ಬರ್ದೆ. ಮಾರನೇ ದಿನ ಅನ್ಸಿತು, ಅಲ್ಲ, ನಗ್ಸೋದು ಸಣ್ಣ ಕೆಲಸಾನಾ? ಬೇರೆ ಯಾವ್ದೂ ನಂಗೆ ಹಂಗೆ ನಗ್ಸಿಲ್ವಲ್ಲ. ಅಳ್ಸಿ ಐದಕ್ಕೆ ತಂದೆ. ಅಳ್ಸಿ ಅಳ್ಸಿ ಅಲ್ಲಿ ಹಾಳೆ ತೂತಾಗಿದೆ. ಆರಕ್ಕೆ ಮಾರ್ಥಾ ವೆಲ್ಸ್ ಅವ್ರ 'ವಿಚ್ ಕಿಂಗ್', ಅಷ್ಟೊಂದು ಹೆಸರು, ಎರಡು ಕಾಲದ ಕಥೆ ಹಿಂದೆ ಮುಂದೆ, ಎರಡ್ಸಲ ಕೈಬಿಟ್ಟು ಮೂರನೇ ಸಲ ಮುಗ್ಸಿದ್ದು. ಅವ್ರ ಮರ್ಡರ್‌ಬಾಟ್ ಕಥೆಗಳು ಅಂದ್ರೆ ಪ್ರಾಣ ನಂಗೆ, ಅದಕ್ಕೇ ಇಷ್ಟು ದಿನ ಈ ಮಾತು ಬರ್ದಿರ್ಲಿಲ್ಲ. ಆನ್ ಲೆಕಿ ಅವ್ರ ಪುಸ್ತಕ ನಾಲ್ಕಕ್ಕೆ, ಜಾಸ್ತಿ ಹೇಳೋಕಿಲ್ಲ.

ಮೂರು ಶಾನನ್ ಚಕ್ರವರ್ತಿ ಅವ್ರ ಅಮೀನಾ ಅಲ್-ಸಿರಾಫಿ. 12ನೇ ಶತಮಾನದ ಹಿಂದೂ ಮಹಾಸಾಗರ, ಏಡನ್ ಬಂದರು, ಕಡಲ್ಗಳ್ಳತನ ಬಿಟ್ಟು ಮಗಳ ಜೊತೆ ಮನೇಲಿರೋ ಹೆಂಗಸು ಮತ್ತೆ ಹಡಗು ಹತ್ತೋದು. ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಲ್ಲೇ ಮನೆ ಮಾಡ್ಕೊಂಡು ಏಡನ್‌ಗೆ ಮೆಣಸು ಕಳ್ಸ್ತಿದ್ದ, ಆ ಕಾಗದಪತ್ರ ಇವತ್ತಿಗೂ ಉಳ್ದಿವೆ. ಓದ್ತಾ ಓದ್ತಾ ಈ ಹಡಗು ಒಂದ್ಸಲ ಇತ್ತಕಡೆ ತಿರುಗ್ಲಿ ಅಂತ ಕಾಯ್ತಿದ್ದೆ. ಇದು ವಿಮರ್ಶೆ ಅಲ್ಲ, ಆಸೆ, ಗೊತ್ತು. ಎರಡಕ್ಕೆ ಎಮಿಲಿ ಟೆಶ್ ಅವ್ರ 'ಸಮ್ ಡೆಸ್ಪರೇಟ್ ಗ್ಲೋರಿ', ಆ ವರ್ಷ ಗ್ಲಾಸ್ಗೋ ವರ್ಲ್ಡ್‌ಕಾನಲ್ಲಿ ಹ್ಯೂಗೋ ಗೆದ್ದಿದ್ದೂ ಅದೇ. ಮೊದಲ ನೂರು ಪುಟ ನಾಯಕಿ ಮೇಲೆ ಎಷ್ಟು ಸಿಟ್ಟು ಬರತ್ತೆ ಅಂದ್ರೆ ಪುಸ್ತಕ ಎಸಿಬೇಕು ಅನ್ಸತ್ತೆ, ಹಂಗೆ ಅನ್ಸ್ಲಿ ಅಂತ್ಲೇ ಬರ್ದಿರೋದು ಅದು.

ಒಂದನೇದು ಮಾತ್ರ ಪೆನ್ಸಿಲ್ ತಾನಾಗೇ ಬರೀತು. ಶ್ರೀಲಂಕಾದ ವಜ್ರ ಚಂದ್ರಶೇಖರ ಅವ್ರ 'ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್'. ಆ ಸಲದ ನೆಬ್ಯುಲಾ ಇದಕ್ಕೇ ಬಂತು. ಮಗು ಹುಟ್ಟಿದ ಕೂಡ್ಲೆ ತಾಯಿ ಅದರ ನೆರಳಿಗೆ ಹಿತ್ತಾಳೆ ಮೊಳೆ ಹೊಡೆದು ಕಿತ್ತು ಹಾಕ್ತಾಳೆ. ಅಪ್ಪ ಬಿಟ್ಟು ಹೋದ ಮಹಾಸಂತ, ಅವನನ್ನ ಕೊಲ್ಲೋಕೆ ಅಂತ್ಲೇ ಮಗನ್ನ ಬೆಳೆಸ್ತಾಳೆ. ಮಗನ ಹೆಸ್ರು ಫೆಟರ್. ಅಂದ್ರೆ ಸಂಕೋಲೆ. ಇಲ್ಲಿಗೆ ನಮ್ಮೋರಿಗೆ ಕಿವಿ ನೆಟ್ಟಗಾಗ್ಬೇಕು, ರಾಹುಲ ಹುಟ್ಟಿದ ಸುದ್ದಿ ಬಂದಾಗ ಸಿದ್ಧಾರ್ಥ ಬಂಧನ ಹುಟ್ಟಿತು ಅಂದ ಅನ್ನೋ ಕಥೆ ಕೇಳಿರ್ತೀವಲ್ಲ. ಬಿಟ್ಟು ಹೋದೋನ ಕಥೆ ಸಾವಿರ ಸಲ ಓದಿದೀವಿ, ಹಿಂದೆ ಉಳಿದೋರ ಕಡೆಯಿಂದ ಮಾಸ್ತಿ ಯಶೋಧರೆ ಬರೆದ್ರು, ಇದು ಮಗನ ಕಡೆದು, ಅದೂ ಸಿಟ್ಟಲ್ಲಿರೋ ಮಗ.

ಇದನ್ನೆಲ್ಲ ಪೋಸ್ಟ್ ಮಾಡೋಕೆ ಮೂರ್ಸಲ ಬರ್ದೆ, ಮೂರ್ಸಲಾನೂ ಪಾಠದ ಥರ ಆಯ್ತು. ಅಷ್ಟೊತ್ತಿಗೆ ಊರಿಗೆ ಹೋಗಿದ್ದೆ. ಅಮ್ಮ ಕೈಗೆ ಎಣ್ಣೆ ಹಚ್ಕೊಂಡು ಹಲಸಿನ ತೊಳೆ ಬಿಡಿಸ್ತಿದ್ರು, ನಾನು ಎದುರಿಗೆ ಕೂತು ಬೀಜ ತೆಗೀತಾ ಪೂರ್ತಿ ಕಥೆ ಹೇಳ್ದೆ. ನೆರಳು, ಮೊಳೆ, ಮಗ, ಎಲ್ಲಾ ಸುಮ್ನೆ ಕೇಳಿದ್ರು.

"ಆ ಬಿಟ್ಟು ಹೋದೋನಿಗೆ ಏನಂತಾರೇ ಅದ್ರಲ್ಲಿ?"

"ಪರ್ಫೆಕ್ಟ್ ಆಂಡ್ ಕೈಂಡ್ ಅಂತಾರಮ್ಮ. ಪರಿಪೂರ್ಣ, ದಯಾಳು."

ಅಮ್ಮ ಮೇಣ ಮೆತ್ತಿದ ಚಾಕುನ ಹಾಳೆಗೆ ಒರೆಸ್ಕೊಂಡ್ರು. "ಹ್ಞೂಂ. ದಯಾಳು," ಅಂದ್ರು.