ಮೊಣಕೈಗೆ ಸವರಿದ ಬೆಲ್ಲ

ಫೆಬ್ರುವರಿ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಶಿಬಿರಗಳಲ್ಲಿ ಒಂದು ವಿಚಿತ್ರ ದೃಶ್ಯ. ಫ್ಲಾರಿಡಾದ ಎಳೆಬಿಸಿಲಿನಲ್ಲಿ ಮೂವತ್ತು ದಾಟಿದ ಗಂಡಸೊಬ್ಬ ಇನ್ನೊಬ್ಬನ ಕಡೆಗೆ ಮೆಲ್ಲಗೆ ಚೆಂಡು ಎಸೆಯುತ್ತಾನೆ. ಅಂಗಳದಲ್ಲಿ ಮಗುವಿಗೆ ಎಸೆಯುವಷ್ಟು ಮೆಲ್ಲಗೆ. ಬೇಲಿಯಾಚೆ ನಿಂತ ವರದಿಗಾರರು ಉಸಿರು ಬಿಗಿಹಿಡಿದು ಎಣಿಸುತ್ತಾರೆ. ಇಪ್ಪತ್ತೈದು ಎಸೆತ, ನೋವಿಲ್ಲ! ಎಸೆದು ಮುಗಿಸಿ ಆತ ಭುಜವನ್ನು ಒಮ್ಮೆ ತಿರುಗಿಸಿದರೆ ಅದು ಸುದ್ದಿ. ತಿರುಗಿಸದಿದ್ದರೆ, ಏಕೆ ತಿರುಗಿಸಲಿಲ್ಲ ಎಂಬುದು ಸುದ್ದಿ. ಆಮೇಲೆ ಆತ ಮೈಕಿನ ಮುಂದೆ ಬಂದು, ಅಲ್ಲಿನ ಪಿಚರ್‌ಗಳಿಗೆಲ್ಲ ಬಾಯಿಪಾಠವಾಗಿರುವ ಮಂತ್ರವನ್ನು ಪಠಿಸುತ್ತಾನೆ: ನನ್ನ ದೇಹ ಇಷ್ಟು ಗಟ್ಟಿಮುಟ್ಟಾಗಿ ಹಿಂದೆಂದೂ ಇರಲಿಲ್ಲ. ಹೋದ ವರ್ಷವೂ ಹಾಗೆಯೇ ಹೇಳಿದ್ದಿರಲ್ಲ ಎಂದು ಕೇಳುವಷ್ಟು ಒರಟರು ಅಲ್ಲಿ ಯಾರೂ ಇರುವುದಿಲ್ಲ.

ಆತ ಹೊಸ ತಂಡಕ್ಕೆ ಬಂದವನಾದರಂತೂ ಮುಗಿದೇಹೋಯಿತು. ಹೊಸ ಅಂಗಿ, ಹೊಸ ಟೋಪಿ, ಹೊಸ ಊರಿನ ಹವೆ. ಹಳೆಯದಾಗಿ ಉಳಿದಿರುವುದು ಮೊಣಕೈ ಒಂದೇ.

ಬೇಸ್‌ಬಾಲ್ ನೋಡದವರಿಗಾಗಿ ಹೇಳುವುದಾದರೆ, ಪಿಚರ್ ಎಂದರೆ ನಮ್ಮ ವೇಗದ ಬೌಲರ್‌ನ ದಾಯಾದಿ. ಓಡಿ ಬರುವ ಸೌಕರ್ಯ ಅವನಿಗಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ 18 ಮೀಟರ್ ಆಚೆಗೆ ಬೀಸಬೇಕು. ಬೀಸಿದ ರಭಸದ ಬಹುಪಾಲು ಮೊಣಕೈಯ ಒಳಮಗ್ಗುಲಿನ ಒಂದು ಸಣ್ಣ ಅಸ್ಥಿರಜ್ಜಿನ ಮೇಲೆ ಬೀಳುತ್ತದೆ. ಆ ರಜ್ಜು ಹರಿದರೆ ಮನೆಗೆ ಹೋಗಿ ಅಂಗಡಿ ಇಟ್ಟುಕೊಳ್ಳಬೇಕು ಎಂಬುದು 1974ರವರೆಗಿನ ಮಾತು. ಆ ವರ್ಷ ಲಾಸ್ ಏಂಜಲೀಸ್‌ನಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. ಮತ್ತೆ ಎಸೆಯುವ ಸಾಧ್ಯತೆ ನೂರಕ್ಕೆ ಒಂದು ಎಂದಿದ್ದರು. ಜಾನ್ ಆ ಕೈಯಲ್ಲಿ ಇನ್ನೂ 164 ಪಂದ್ಯ ಗೆದ್ದರು, 46ರ ವಯಸ್ಸಿನವರೆಗೆ ಎಸೆದರು. ಕೈ ಹೊಲಿದ ವೈದ್ಯರು ನುಡಿದ ಭವಿಷ್ಯವೇ ಹೀಗೆ ಬುಡಮೇಲಾದ ಮೇಲೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದರ ಬದಲು ಮೊಣಕೈ ಜ್ಯೋತಿಷ್ಯ ಎಂಬ ಉದ್ಯಮವೇ ಹುಟ್ಟಿಕೊಂಡಿತು.

ಈ ಜ್ಯೋತಿಷಿಗಳ ಬಳಿ ಕವಡೆಯಿಲ್ಲ, ಕಂಪ್ಯೂಟರ್ ಇದೆ. ಚೆಂಡು ಎಷ್ಟು ಸುತ್ತು ತಿರುಗಿತು, ಕೈ ಎಷ್ಟು ಡಿಗ್ರಿ ಬಾಗಿತು, ಎಲ್ಲವನ್ನೂ ದಶಮಾಂಶದವರೆಗೆ ಬಲ್ಲರು. ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಬರೆಯುವ ವಾಕ್ಯ ಮಾತ್ರ ಒಂದೇ: ಆರೋಗ್ಯವಾಗಿದ್ದರೆ ಈತ ಅತ್ಯುತ್ತಮ ಪಿಚರ್. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು ಎಂದು ನಮ್ಮ ಹಿರಿಯರು ಯಾವ ಕಂಪ್ಯೂಟರೂ ಇಲ್ಲದೆ ಹೇಳಿದ್ದರು.

ಕ್ರಿಸ್ ಸೇಲ್ ಅವರ ಕಥೆ ಕೇಳಿ. ಆರೂವರೆ ಅಡಿ ಎತ್ತರ, ಅಗರಬತ್ತಿಯಂಥ ಮೈಕಟ್ಟು, ಎಡಗೈ. ಹೊಸ ಅಂಗಿಗೂ ಇವರಿಗೂ ಮೊದಲಿಂದಲೇ ಆಗಿಬರುವುದಿಲ್ಲ. 2016ರಲ್ಲಿ ಶಿಕಾಗೊದ ವೈಟ್ ಸಾಕ್ಸ್ ತಂಡ ಒಂದು ದಿನ 1976ರ ಮಾದರಿಯ ಕಾಲರ್ ಅಂಗಿ ತೊಡಬೇಕೆಂದಾಗ, ಅದರಲ್ಲಿ ಎಸೆಯಲು ಆಗದು ಎಂದು ಸಿಟ್ಟಾಗಿ ಇಡೀ ತಂಡದ ಅಂಗಿಗಳನ್ನು ಕತ್ತರಿಸಿ ಹಾಕಿದರು. ಐದು ದಿನ ಅಮಾನತು. ಅದೇ ಡಿಸೆಂಬರಿನಲ್ಲಿ ಬಾಸ್ಟನ್‌ನ ರೆಡ್ ಸಾಕ್ಸ್ ಪಾಲಾದರು. ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನಲ್ಲಿ, 2018ರಲ್ಲಿ, ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದ್ದೂ ಇವರೇ. ಬಾಸ್ಟನ್ ಆನಂದಬಾಷ್ಪ ಸುರಿಸಿ 14.5 ಕೋಟಿ ಡಾಲರ್‌ಗಳ ಐದು ವರ್ಷದ ಕರಾರು ಬರೆದುಕೊಟ್ಟಿತು. ಅದು 2020ರಿಂದ ಜಾರಿಗೆ ಬರಬೇಕಿತ್ತು. 2020ರ ಮಾರ್ಚ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಕರಾರಿನ ಶಾಯಿ ಒಣಗಿತ್ತು, ಅಷ್ಟೇ ಸಮಾಧಾನ.

2022 ಇನ್ನೂ ರಸವತ್ತಾದ ವರ್ಷ. ಆಟ ಶುರುವಾಗುವ ಮೊದಲೇ ಪಕ್ಕೆಲುಬು ಬಿರುಕು ಬಿಟ್ಟಿತು. ಜುಲೈಯಲ್ಲಿ ಹಿಂದಿರುಗಿ ಎರಡನೆಯ ಪಂದ್ಯಕ್ಕೆ ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ದಿಬ್ಬ ಹತ್ತಿದರು. ಮೊದಲ ಇನಿಂಗ್ಸ್‌ನಲ್ಲೇ ಬ್ಯಾಟಿನಿಂದ ಚಿಮ್ಮಿದ ಚೆಂಡು ನೇರವಾಗಿ ಎಡಗೈಗೆ ಬಡಿದು ಕಿರುಬೆರಳು ವಕ್ರವಾಗಿ ನೇತಾಡಿತು. ಸರಿ, ಬೆರಳಿಗೆ ಶಸ್ತ್ರಚಿಕಿತ್ಸೆ, ವಿಶ್ರಾಂತಿ. ವಿಶ್ರಾಂತಿಯಲ್ಲಿರುವ ಮನುಷ್ಯನಿಗೂ ಹಸಿವಾಗುತ್ತದಲ್ಲ. ಆಗಸ್ಟ್‌ನ ಒಂದು ಮಧ್ಯಾಹ್ನ ಊಟ ತರಲು ಸೈಕಲ್ ಏರಿ ಹೊರಟವರು ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಒಂದು ವರ್ಷದಲ್ಲಿ ಎರಡು ಪಂದ್ಯ, ಮೂರು ಮುರಿತ. ಮೈದಾನದೊಳಗಿನ ಗಾಯಕ್ಕೆ ತಂಡದಲ್ಲಿ ಹತ್ತು ಜನ ತಜ್ಞರಿರುತ್ತಾರೆ. ಊಟ ತರುವ ಗಾಯಕ್ಕೆ ಯಾವ ತಜ್ಞರೂ ಇರಲಿಲ್ಲ.

ಹೀಗೆ 2020ರಿಂದ 2023ರವರೆಗೆ ನಾಲ್ಕು ವರ್ಷಗಳಲ್ಲಿ ಅವರು ಪಂದ್ಯ ಆರಂಭಿಸಿದ್ದು ಒಟ್ಟು 31 ಬಾರಿ. ಗಟ್ಟಿ ಪಿಚರ್ ಒಬ್ಬ ಒಂದೇ ವರ್ಷದಲ್ಲಿ ಮಾಡಿ ಮುಗಿಸುವ ಕೆಲಸ ಅದು. 2023ರ ಡಿಸೆಂಬರಿನಲ್ಲಿ ಬಾಸ್ಟನ್ ಅವರನ್ನು ಮಾರಲು ನಿಂತಿತು.

ನಮ್ಮ ದನಗಳ ಜಾತ್ರೆಗಳಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಎತ್ತು ಎಷ್ಟೇ ಬಡಕಲಾಗಿದ್ದರೂ ದುಡ್ಡು ಕೊಡುವವನು ಕೊಳ್ಳುವವನು. ಬಾಸ್ಟನ್ ಈ ಸನಾತನ ಪದ್ಧತಿಯನ್ನೇ ತಲೆಕೆಳಗು ಮಾಡಿತು. ಅಟ್ಲಾಂಟಾದ ಬ್ರೇವ್ಸ್ ತಂಡಕ್ಕೆ ಸೇಲ್ ಅವರನ್ನು ಒಪ್ಪಿಸಿ, ಮೇಲಿಂದ 1.7 ಕೋಟಿ ಡಾಲರ್ ಹುಲ್ಲಿನ ಖರ್ಚನ್ನೂ ಕೊಟ್ಟು ಕಳಿಸಿತು! ಬದಲಿಗೆ ಪಡೆದದ್ದು ವಾನ್ ಗ್ರಿಸಮ್ ಎಂಬ 22ರ ತರುಣನನ್ನು. ಈ ವ್ಯಾಪಾರ ಕುದುರಿಸಿದ ಬಾಸ್ಟನ್‌ನ ಕ್ರೆಗ್ ಬ್ರೆಸ್ಲೊ ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವಭೌತ ಮತ್ತು ಜೀವರಸಾಯನ ವಿಜ್ಞಾನ ಓದಿದವರು, ಮೇಲಾಗಿ ತಾವೇ ಪಿಚರ್ ಆಗಿದ್ದವರು. ಎತ್ತನ್ನು ಅರಿಯಲು ಇದಕ್ಕಿಂತ ದೊಡ್ಡ ಅರ್ಹತೆ ಯಾವುದಿದೆ?

ಅಟ್ಲಾಂಟಾದ ಲೆಕ್ಕವೂ ಜಾಣತನದ್ದೇ. ಅವರ ಭರವಸೆಯೆಲ್ಲ ಸ್ಪೆನ್ಸರ್ ಸ್ಟ್ರೈಡರ್ ಮೇಲೆ. ವಯಸ್ಸು 25, ಬೆಟ್ಟದಂಥ ತೊಡೆಗಳು, ಹಿಂದಿನ ವರ್ಷ 281 ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲು ಬಿಡದೆ ಬ್ಯಾಟರ್‌ನನ್ನು ಔಟ್ ಮಾಡಿದ್ದು. ಮುರುಕಲು ಸೇಲ್ ಏನಿದ್ದರೂ ಅಕ್ಟೋಬರಿನ ನಾಕೌಟ್ ಹಬ್ಬಕ್ಕೆ ಎತ್ತಿಟ್ಟ ರೇಷ್ಮೆ ಸೀರೆ, ಅಷ್ಟರವರೆಗೆ ಟ್ರಂಕಿನಲ್ಲಿದ್ದರೆ ಸಾಕು. 2024ರ ಆಟ ಶುರುವಾಯಿತು. ಎರಡು ಪಂದ್ಯ ಎಸೆದ ಸ್ಟ್ರೈಡರ್ ಮೊಣಕೈ ಹಿಡಿದುಕೊಂಡು ಶಸ್ತ್ರಚಿಕಿತ್ಸೆಗೆ ಹೋದರು. ಬಾಸ್ಟನ್‌ಗೆ ಹೋದ ತರುಣ ಗ್ರಿಸಮ್ ಋತುವಿನ ಮೊದಲ ದಿನವೇ ಗಾಯಾಳುಗಳ ಪಟ್ಟಿಯಲ್ಲಿದ್ದರು. ಸೈಕಲ್ಲಿನಿಂದ ಬಿದ್ದ 35ರ ಸೇಲ್ ಮಾತ್ರ 29 ಬಾರಿ ದಿಬ್ಬ ಹತ್ತಿ, 18 ಗೆದ್ದು, ಮೂರು ಸೋತು, 225 ಜನರನ್ನು ಸ್ಟ್ರೈಕ್‌ಔಟ್ ಮಾಡಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಜೀವನದಲ್ಲೇ ಮೊದಲ ಬಾರಿಗೆ ಗೆದ್ದರು.

ಆಗ ಜ್ಯೋತಿಷಿಗಳ ಮುಖ ನೋಡಬೇಕಿತ್ತು ಎಂದು ನೀವು ಅಂದುಕೊಂಡರೆ ಅವರ ಕಸುಬು ನಿಮಗೆ ತಿಳಿದಿಲ್ಲ. ಅವರು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. 'ಆರೋಗ್ಯವಾಗಿದ್ದರೆ' ಎಂದು ನಾವು ಆಗಲೇ ಹೇಳಿರಲಿಲ್ಲವೇ?

ಟ್ರಂಕಿನ ಸೀರೆಯ ಗತಿ ಏನಾಯಿತು ಎಂದಿರಾ? ಇಡೀ ವರ್ಷ ತಂಡವನ್ನು ಹೊತ್ತ ಸೇಲ್, ಸೆಪ್ಟೆಂಬರ್ 30ರಂದು, ಮುಂದಿನ ಸುತ್ತಿಗೆ ಹೋಗುತ್ತಾರೋ ಇಲ್ಲವೋ ಎಂದು ತೀರ್ಮಾನವಾಗಬೇಕಿದ್ದ ದಿನ, ಬೆನ್ನು ಹಿಡಿದುಕೊಂಡು ಮಲಗಿದರು. ಅದರ ಹಿಂದೆಯೇ ನಡೆದ ಸುತ್ತಿಗೂ ಬರಲಿಲ್ಲ. ಯಾವ ಹಬ್ಬಕ್ಕೆಂದು ಎತ್ತಿಡಬೇಕೆಂದಿದ್ದರೋ ಆ ಹಬ್ಬ ಬಿಟ್ಟು ಮಿಕ್ಕೆಲ್ಲ ದಿನ ಉಟ್ಟದ್ದಾಯಿತು.

ಇಂಥ ಪ್ರತಿಯೊಂದು ಸೇಲ್‌ಗೂ ಒಬ್ಬ ಕಾರ್ಲ್ ಪವಾನೊ ಇದ್ದಾರೆ. ನ್ಯೂಯಾರ್ಕ್ ಯಾಂಕೀಸ್ ಅವರಿಗೆ ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ 4 ಕೋಟಿ ಡಾಲರ್ ಕೊಟ್ಟಿತು. ಅವರು ಎಸೆದದ್ದು 26 ಪಂದ್ಯ. ಭುಜ, ಬೆನ್ನು, ಮೊಣಕೈ ಎಲ್ಲ ಸರದಿಯ ಪ್ರಕಾರ ಕೆಟ್ಟವು, ಅಂಡು ಕೂಡ ಜಜ್ಜಿಹೋಯಿತು. ಪೋರ್ಷೆ ಕಾರು ಗುದ್ದಿ ಪಕ್ಕೆಲುಬು ಮುರಿದದ್ದನ್ನು ತಂಡಕ್ಕೆ ಕೆಲವು ದಿನ ಹೇಳಲೇ ಇಲ್ಲ. ಕರಾರು ಮುಗಿದು ಬೇರೆ ಊರಿಗೆ ಹೋದ ಕೂಡಲೇ ಮೈ ಸರಿಹೋಗಿ, 2010ರಲ್ಲಿ ಮಿನ್ನೆಸೋಟಾಕ್ಕೆ 17 ಪಂದ್ಯ ಗೆದ್ದುಕೊಟ್ಟರು. ನ್ಯೂಯಾರ್ಕಿನ ನೀರಿನಲ್ಲೇ ದೋಷವಿತ್ತೆಂದು ಯಾರೂ ವಾಸ್ತು ನೋಡಿಸದೆ ಹೋದದ್ದು ನನಗೆ ಇಂದಿಗೂ ಸೋಜಿಗ.

ಪಿಚರ್ ಜೇಕಬ್ ಡಿಗ್ರಾಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 18.5 ಕೋಟಿ ಡಾಲರ್‌ಗೆ ಟೆಕ್ಸಸ್‌ಗೆ ಬಂದು, 2023ರಲ್ಲಿ ಆರು ಪಂದ್ಯ ಎಸೆದು ಆಸ್ಪತ್ರೆ ಸೇರಿದರು. ಅದೇ ವರ್ಷ ತಂಡ ತನ್ನ ಇತಿಹಾಸದ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು, ಅವರಿಲ್ಲದೆ.

ಇಷ್ಟಕ್ಕೂ ಈ ಕೈಗಳು ಏಕೆ ಹರಿಯುತ್ತಿವೆ ಎಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. 2024ರ ಡಿಸೆಂಬರಿನಲ್ಲಿ ಈ ತಂಡಗಳೆಲ್ಲ ಆಡುವ ಮೇಜರ್ ಲೀಗ್ ಬೇಸ್‌ಬಾಲ್ ತಾನೇ ಒಂದು ವರದಿ ಹೊರತಂದಿತು. ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿ ಕಂಡುಕೊಂಡ ಸತ್ಯ: ಪಿಚರ್‌ಗಳು ಪ್ರತಿ ಎಸೆತವನ್ನೂ ಮೈಯ ಬಲವೆಲ್ಲ ಹಾಕಿ ಎಸೆಯುತ್ತಿದ್ದಾರೆ, ಅದರಿಂದ ಮೈ ಕೆಡುತ್ತಿದೆ. ವೇಗದ ಚೆಂಡಿನ ಸರಾಸರಿ 2008ರಲ್ಲಿ ಗಂಟೆಗೆ 147 ಕಿ.ಮೀ. ಇದ್ದದ್ದು 2024ಕ್ಕೆ 151 ದಾಟಿದೆ. 2005ರಲ್ಲಿ 212 ಬಾರಿ ಪಿಚರ್‌ಗಳು ಗಾಯಾಳುಗಳ ಪಟ್ಟಿ ಸೇರಿದ್ದರೆ, 2024ರಲ್ಲಿ 485 ಬಾರಿ. ವೇಗ ಕೇಳುವವರು ಯಾರು? ತಂಡಗಳು. ವೇಗಕ್ಕೆ ದುಡ್ಡು ಸುರಿಯುವವರು ಯಾರು? ತಂಡಗಳು. ಕೈ ಹರಿದಾಗ ಹಣೆಗೆ ಕೈ ಹಚ್ಚಿ ಕೂರುವವರೂ ಅವರೇ. ಬೆಂಕಿಗೆ ಸೀಮೆಎಣ್ಣೆ ಹೊಯ್ಯುತ್ತಲೇ ಸೆಕೆ ಏಕೆ ಎಂದು 62 ಪುಟ ಬರೆದಂತಾಯಿತು.

ಅಭಿಮಾನಿಯ ಪಾಡಂತೂ ಮೊಣಕೈಗೆ ಬೆಲ್ಲ ಸವರಿಸಿಕೊಂಡವನದ್ದು. ಕಣ್ಣಿಗೆ ಕಾಣುತ್ತದೆ, ಮೂಗಿಗೆ ವಾಸನೆ ಬಡಿಯುತ್ತದೆ, ನಾಲಿಗೆಗೆ ಮಾತ್ರ ಎಟುಕುವುದಿಲ್ಲ. ಆದರೂ ಪ್ರತಿ ಫೆಬ್ರುವರಿಯಲ್ಲಿ ಕತ್ತು ಚಾಚುತ್ತಾನೆ. ನಾನೂ ಚಾಚುತ್ತೇನೆ, ಸುಳ್ಳೇಕೆ ಹೇಳಲಿ.

2025ರ ಜೂನ್‌ನಲ್ಲಿ 36ರ ಸೇಲ್ ಒಂಬತ್ತನೆಯ ಇನಿಂಗ್ಸ್‌ನಲ್ಲೂ ದಿಬ್ಬದ ಮೇಲಿದ್ದರು. ಉರುಳಿ ಹೋಗುತ್ತಿದ್ದ ಒಂದು ಚೆಂಡಿಗೆ ಹಾರಿಬಿದ್ದು ಹಿಡಿದರು, ಬ್ಯಾಟರ್‌ನನ್ನು ಔಟೂ ಮಾಡಿದರು. ಪಕ್ಕೆಲುಬು ಮುರಿದದ್ದು ಆಮೇಲೆ ಗೊತ್ತಾಯಿತು. ಎರಡು ತಿಂಗಳು ಮನೆಯಲ್ಲಿ ಕುಳಿತು ಆಗಸ್ಟ್ ಕೊನೆಗೆ ಹಿಂದಿರುಗಿದರು. ಅಟ್ಲಾಂಟಾ 2026ಕ್ಕೂ ಅವರನ್ನು ಉಳಿಸಿಕೊಂಡಿತು, 1.8 ಕೋಟಿ ಡಾಲರ್‌ಗೆ. ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ಆ ಜಾಗದಲ್ಲಿ ನಾನಿದ್ದಿದ್ದರೆ ಸಹಿ ಮಾಡಿಸಿಕೊಳ್ಳುವ ಮೊದಲು ಸೈಕಲ್ಲಿನ ಬೀಗದ ಕೈ ಕೇಳಿ ತೆಗೆದುಕೊಳ್ಳುತ್ತಿದ್ದೆ.